ಗರ್ಭನಿರೋಧಕಗಳ ದೀರ್ಘಕಾಲದ ಬಳಕೆ ಮತ್ತು ಗರ್ಭಕಂಠದ ಕ್ಯಾನ್ಸರ್: ರೈತ ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಕೃಷಿ ಮಹಿಳೆಯರಿಗಾಗಿ ನಡೆಸುವ ತರಬೇತಿಗಳಲ್ಲಿ ಬೀಜೋಪಚಾರ, ಎರೆಗೊಬ್ಬರ, ಕೈತೋಟಗಳ ಪಾಠ ಮುಗಿದ ಬಳಿಕ ಒಬ್ಬಿಬ್ಬರು ಹಿಂದೆ ಉಳಿದು ಕೇಳುವ ಪ್ರಶ್ನೆಗಳು ಬೆಳೆಗೆ ಸಂಬಂಧಿಸಿದವಾಗಿರುವುದಿಲ್ಲ. "ಮಕ್ಕಳಾಗದ ಹಾಗೆ ಮಾತ್ರೆ ನುಂಗಿದರೆ ಗರ್ಭಚೀಲಕ್ಕೆ ಕ್ಯಾನ್ಸರ್ ಬರುತ್ತದಂತೆ, ಹೌದೇ?" ಎಂಬುದು ಅವುಗಳಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ. ನಾನು ಬೇಸಾಯಶಾಸ್ತ್ರದ ವಿಜ್ಞಾನಿ, ವೈದ್ಯೆಯಲ್ಲ. ಆದರೂ ಹಳ್ಳಿಯ ಹೆಣ್ಣುಮಗಳೊಬ್ಬಳು ಸಂಕೋಚ ಬಿಟ್ಟು ಇಂತಹ ಪ್ರಶ್ನೆಯನ್ನು ಕೇಳಿದಾಗ "ಡಾಕ್ಟರನ್ನು ಕೇಳಮ್ಮ" ಎಂದು ಕಳುಹಿಸಿದರೆ ಅವಳು ಡಾಕ್ಟರ ಬಳಿಗೆ ಹೋಗುವುದಿಲ್ಲ, ಮನೆಗೆ ಹೋಗುತ್ತಾಳೆ. ವಿಸ್ತರಣಾ ಕಾರ್ಯಕರ್ತರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಆದ್ದರಿಂದ ಈ ಪ್ರಶ್ನೆಗೆ ವೈದ್ಯವಿಜ್ಞಾನ ನೀಡಿರುವ ಉತ್ತರವನ್ನು ರೈತ ದಂಪತಿಗಳಿಗೂ ಕ್ಷೇತ್ರ ಮಟ್ಟದ ಸಿಬ್ಬಂದಿಗೂ ಅರ್ಥವಾಗುವಂತೆ ಇಲ್ಲಿ ವಿವರಿಸಲಾಗಿದೆ.

ಉತ್ತರದ ಸಾರ ಇಷ್ಟು: ಗರ್ಭಕಂಠದ ಕ್ಯಾನ್ಸರಿಗೆ ಮೂಲ ಕಾರಣ ಮಾತ್ರೆಯಲ್ಲ, ಒಂದು ವೈರಸ್. ಹಾರ್ಮೋನುಯುಕ್ತ ಮಾತ್ರೆಯನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲ ಸೇವಿಸುವವರಲ್ಲಿ ಅಪಾಯ ಸ್ವಲ್ಪ ಹೆಚ್ಚುತ್ತದೆ, ಸೇವನೆ ನಿಲ್ಲಿಸಿದ ಮೇಲೆ ಅದು ಇಳಿಯುತ್ತದೆ. ಮಾತ್ರೆಯನ್ನು ನುಂಗಿದರೂ ಬಿಟ್ಟರೂ, ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬ ವಿವಾಹಿತ ಮಹಿಳೆಗೂ ತಪಾಸಣೆ ಬೇಕು. ಈ ಮೂರು ಮಾತುಗಳಲ್ಲಿ ಮೊದಲನೆಯದೂ ಮೂರನೆಯದೂ ಹಳ್ಳಿಗಳನ್ನು ತಲುಪಿಲ್ಲ. ಎರಡನೆಯದು ಮಾತ್ರ, ಅದೂ ಅರ್ಧಂಬರ್ಧವಾಗಿ ಮತ್ತು ಉತ್ಪ್ರೇಕ್ಷೆಯೊಂದಿಗೆ, ತಲುಪಿದೆ.

ರೋಗದ ಮೂಲ

ಗರ್ಭಕೋಶದ ಕೆಳತುದಿಯು ಕಿರಿದಾಗಿ ಯೋನಿಯೊಳಕ್ಕೆ ತೆರೆದುಕೊಳ್ಳುವ ಭಾಗವೇ ಗರ್ಭಕಂಠ. ಗರ್ಭಕೋಶದ ಬಾಯಿ ಎಂದು ನಮ್ಮ ಹೆಂಗಸರು ಹೇಳುವುದು ಇದನ್ನೇ. ಈ ಬಾಯಿಯ ಅಂಚಿನಲ್ಲಿ ಎರಡು ಬಗೆಯ ಜೀವಕೋಶಗಳು ಸಂಧಿಸುವ ಒಂದು ಪಟ್ಟಿ ಇದೆ. ಹರೆಯದಲ್ಲಿಯೂ ಗರ್ಭಧಾರಣೆಯ ಕಾಲದಲ್ಲಿಯೂ ಅಲ್ಲಿ ಜೀವಕೋಶಗಳು ಬಿರುಸಾಗಿ ಬದಲಾಗುತ್ತಿರುತ್ತವೆ. ಗರ್ಭಕಂಠದ ಕ್ಯಾನ್ಸರ್ ಬಹುಮಟ್ಟಿಗೆ ಆರಂಭವಾಗುವುದು ಈ ಪಟ್ಟಿಯಲ್ಲಿ.

ಅದಕ್ಕೆ ಕಾರಣವಾಗುವುದು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಸಂಕ್ಷಿಪ್ತವಾಗಿ ಎಚ್‌ಪಿವಿ. ಈ ಸಂಬಂಧವನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹಾರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ವೈರಸ್‌ನ ನೂರಕ್ಕೂ ಹೆಚ್ಚು ಬಗೆಗಳಲ್ಲಿ ಹದಿನಾಲ್ಕರಷ್ಟು ಮಾತ್ರ ಕ್ಯಾನ್ಸರಿಗೆ ದಾರಿ ಮಾಡಬಲ್ಲವು. ಅವುಗಳಲ್ಲೂ 16 ಮತ್ತು 18 ಎಂಬ ಎರಡು ಬಗೆಗಳೇ ಜಗತ್ತಿನ ಶೇ. 70ರಷ್ಟು ಗರ್ಭಕಂಠದ ಕ್ಯಾನ್ಸರುಗಳಿಗೆ ಹೊಣೆ. ದೈಹಿಕ ಸಂಪರ್ಕದ ಮೂಲಕ ಚರ್ಮದಿಂದ ಚರ್ಮಕ್ಕೆ ಹರಡುವ ಈ ವೈರಸ್ ಎಷ್ಟು ಸಾಮಾನ್ಯವೆಂದರೆ, ದಾಂಪತ್ಯ ಜೀವನ ನಡೆಸುವ ಬಹುಪಾಲು ಸ್ತ್ರೀಪುರುಷರಿಗೆ ಜೀವನದಲ್ಲಿ ಒಮ್ಮೆಯಾದರೂ ಅದು ತಗುಲುತ್ತದೆ. ನೋವಿಲ್ಲ, ಜ್ವರವಿಲ್ಲ, ತಗುಲಿದ್ದು ತಿಳಿಯುವುದೇ ಇಲ್ಲ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ದೇಹವೇ ಎರಡು ವರ್ಷದೊಳಗೆ ಅದನ್ನು ಹೊರಹಾಕುತ್ತದೆ.

ಉಳಿದ ಕೆಲವರಲ್ಲಿ ವೈರಸ್ ಅಲ್ಲಿಯೇ ನೆಲೆಯೂರುತ್ತದೆ. ಜೀವಕೋಶಗಳು ಲಂಗುಲಗಾಮಿಲ್ಲದೆ ವಿಭಜನೆಯಾಗದಂತೆ ತಡೆಯುವ ರಕ್ಷಕ ಪ್ರೋಟೀನುಗಳನ್ನು ಅದು ನಿಷ್ಕ್ರಿಯಗೊಳಿಸುತ್ತದೆ. ಮೊದಲು ಕ್ಯಾನ್ಸರ್‌ಪೂರ್ವ ಬದಲಾವಣೆ, ಆಮೇಲೆ ಕ್ಯಾನ್ಸರ್. ಸೋಂಕು ತಗುಲಿದಂದಿನಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕು. ಎಚ್‌ಐವಿ ಸೋಂಕಿರುವ ಮಹಿಳೆಯರಲ್ಲಿ ಅಪಾಯ ಆರು ಪಟ್ಟು. ಈ ದೀರ್ಘ ಅವಧಿಯೇ ನಮಗೆ ದೊರೆಯುವ ಅವಕಾಶ. ಭತ್ತಕ್ಕೆ ಬೆಂಕಿರೋಗ ಬಂದರೆ ವಾರದೊಳಗೆ ಮಡಿ ಕೈಬಿಟ್ಟುಹೋಗಬಹುದು. ಈ ರೋಗ ಹಾಗಲ್ಲ, ವರ್ಷಗಟ್ಟಲೆ ಸಮಯ ಕೊಡುತ್ತದೆ. ಅಷ್ಟು ಸಮಯ ಕೊಟ್ಟೂ ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಅಂದಾಜು 1,27,526 ಮಹಿಳೆಯರಿಗೆ ಅದು ಹೊಸದಾಗಿ ಬಂದಿತು, 79,906 ಮಂದಿ ಸತ್ತರು.

ಮಾತ್ರೆಯ ಪಾತ್ರ ಎಷ್ಟು?

ಕಳೆಯ ಬೀಜವಿಲ್ಲದ ಹೊಲಕ್ಕೆ ಎಷ್ಟು ಯೂರಿಯಾ ಹಾಕಿದರೂ ಕಳೆ ಹುಟ್ಟುವುದಿಲ್ಲ. ಬೀಜ ಬಿದ್ದಿದ್ದರೆ ಯೂರಿಯಾ ಅದನ್ನೂ ಬೆಳೆಸುತ್ತದೆ. ವೈರಸ್‌ಗೂ ಮಾತ್ರೆಗೂ ಇರುವ ಸಂಬಂಧ ಹೆಚ್ಚುಕಡಿಮೆ ಇಂತಹುದು. ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಸೇರಿದಂತೆ ನಿತ್ಯ ಸೇವಿಸುವ ಸಾಮಾನ್ಯ ಗರ್ಭನಿರೋಧಕ ಮಾತ್ರೆಗಳಲ್ಲಿ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೊಜೆನ್ ಎಂಬ ಎರಡು ಹಾರ್ಮೋನುಗಳಿವೆ. ವೈರಸ್ ನೆಲೆಸಿರುವ ಜೀವಕೋಶಗಳಲ್ಲಿ ಈ ಹಾರ್ಮೋನುಗಳು ವೈರಸ್‌ನ ಚಟುವಟಿಕೆಗೆ ಅನುಕೂಲ ಮಾಡಿಕೊಡಬಹುದು ಎಂಬುದು ವಿಜ್ಞಾನಿಗಳ ವಿವರಣೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಈ ಜೋಡಿ ಹಾರ್ಮೋನು ಮಾತ್ರೆಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಸೇರಿಸಿದೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಆ ವರ್ಗೀಕರಣವು ಹೇಳುವುದು ಒಂದು ವಸ್ತುವಿಗೂ ಕ್ಯಾನ್ಸರಿಗೂ ಸಂಬಂಧವಿದೆ ಎಂಬುದಕ್ಕೆ ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

ಅಪಾಯದ ಗಾತ್ರವನ್ನು ಹೇಳುವುದು 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಬೃಹತ್ ವಿಶ್ಲೇಷಣೆ. ವಿವಿಧ ದೇಶಗಳ 24 ಅಧ್ಯಯನಗಳಿಂದ ಗರ್ಭಕಂಠದ ಕ್ಯಾನ್ಸರ್ ಇದ್ದ 16,573 ಮಹಿಳೆಯರು ಮತ್ತು ಇಲ್ಲದ 35,509 ಮಹಿಳೆಯರ ಮಾಹಿತಿಯನ್ನು ಅಲ್ಲಿ ಒಟ್ಟುಗೂಡಿಸಲಾಗಿತ್ತು. ಐದು ಅಥವಾ ಹೆಚ್ಚು ವರ್ಷಗಳಿಂದ ಮಾತ್ರೆ ಸೇವಿಸುತ್ತಲೇ ಇರುವವರಲ್ಲಿ ಅಪಾಯವು ಎಂದೂ ಸೇವಿಸದವರಿಗಿಂತ 1.9 ಪಟ್ಟು ಎಂದು ಕಂಡುಬಂದಿತು. ಸೇವನೆ ನಿಲ್ಲಿಸಿದ ಮೇಲೆ ಅಪಾಯ ಕ್ರಮೇಣ ಇಳಿದು, ಹತ್ತು ವರ್ಷಗಳ ನಂತರ ಎಂದೂ ಸೇವಿಸದವರ ಮಟ್ಟಕ್ಕೇ ಬಂದಿತ್ತು.

"ಹೆಚ್ಚುಕಡಿಮೆ ಎರಡು ಪಟ್ಟು" ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆ ಧಸಕ್ಕೆನ್ನುವುದು ಸಹಜ. ಇಲ್ಲಿಯೇ ಸ್ವಲ್ಪ ನಿಲ್ಲಬೇಕು. ಸಾವಿರ ಗಿಡಗಳ ತೊಗರಿ ಹೊಲದಲ್ಲಿ ಸೊರಗು ರೋಗದ ಗಿಡ ಒಂದು ಇದ್ದದ್ದು ಎರಡಾದರೂ ಎರಡು ಪಟ್ಟು, ನಾನೂರು ಇದ್ದದ್ದು ಎಂಟುನೂರಾದರೂ ಎರಡು ಪಟ್ಟೇ. ಎರಡನ್ನೂ ಒಂದೇ ತೆರನಾಗಿ ಕಾಣುವ ರೈತನಿಲ್ಲ. ಆದ್ದರಿಂದ ಎಷ್ಟು ಪಟ್ಟು ಎಂಬುದಕ್ಕಿಂತ ಸಾವಿರಕ್ಕೆ ಎಷ್ಟು ಎಂದು ಕೇಳುವುದು ಸರಿಯಾದ ಪ್ರಶ್ನೆ. ಅದೇ ವಿಶ್ಲೇಷಣೆಯು ಅದಕ್ಕೂ ಉತ್ತರಿಸಿದೆ. ಹಿಂದುಳಿದ ದೇಶಗಳ ಸಾವಿರ ಮಹಿಳೆಯರು ಮಾತ್ರೆಯನ್ನು ಎಂದೂ ಸೇವಿಸದಿದ್ದರೆ 50 ವರ್ಷ ವಯಸ್ಸಾಗುವುದರೊಳಗೆ ಅವರಲ್ಲಿ 7.3 ಮಂದಿಗೆ ಈ ಕ್ಯಾನ್ಸರ್ ಬರುವ ಸಂಭವವಿದೆ. ಅದೇ ಸಾವಿರ ಮಂದಿ 20ರಿಂದ 30ರ ವಯಸ್ಸಿನವರೆಗೆ ಹತ್ತು ವರ್ಷ ಮಾತ್ರೆ ಸೇವಿಸಿದರೆ ಆ ಸಂಖ್ಯೆ 8.3 ಆಗುತ್ತದೆ. ಅಂದರೆ ಹತ್ತು ವರ್ಷಗಳ ಬಳಕೆಯಿಂದ ಸಾವಿರಕ್ಕೆ ಹೆಚ್ಚುವರಿಯಾಗಿ ಒಬ್ಬರು. ಆ ಒಬ್ಬಳು ಯಾರದೋ ಮನೆಯ ಮಗಳು, ಆಕೆಯ ಕಷ್ಟ ಸಣ್ಣದಲ್ಲ. ಆದರೆ ಮಾತ್ರೆಯನ್ನೇ ಮುಟ್ಟದ ಉಳಿದ ಏಳು ಮಂದಿಯನ್ನು ಮರೆತು ಈ ಒಬ್ಬಳ ಬಗ್ಗೆ ಮಾತ್ರ ಮಾತನಾಡುವುದು ತಪ್ಪು ಲೆಕ್ಕ.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಇದೇ ಮಾತ್ರೆಗಳು ಅಂಡಾಶಯದ ಕ್ಯಾನ್ಸರ್ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗಳ ಅಪಾಯವನ್ನು ತಗ್ಗಿಸುತ್ತವೆ. ಈ ರಕ್ಷಣೆ ಮಾತ್ರೆ ಬಿಟ್ಟ ಮೇಲೂ ಅನೇಕ ವರ್ಷ ಉಳಿಯುತ್ತದೆ. ಮುಟ್ಟಿನ ರಕ್ತಸ್ರಾವ ಕಡಿಮೆಯಾಗುವುದರಿಂದ ರಕ್ತಹೀನತೆಯೂ ತಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬೇಡದ ಗರ್ಭ, ಅಂತರವಿಲ್ಲದ ಹೆರಿಗೆ, ಅಸುರಕ್ಷಿತ ಗರ್ಭಪಾತಗಳಿಂದ ಆಗುವ ಸಾವುನೋವು ತಪ್ಪುತ್ತದೆ. ಹೆಚ್ಚು ಹೆರಿಗೆಗಳು ತಾವೇ ಗರ್ಭಕಂಠದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವ ಅಂಶವೆಂಬುದನ್ನೂ ಇಲ್ಲಿ ನೆನೆಯಬೇಕು. ಕ್ಯಾನ್ಸರಿಗೆ ಹೆದರಿ ಮಾತ್ರೆಯನ್ನು ದಿಢೀರನೆ ನಿಲ್ಲಿಸಿ ಮೂರು ತಿಂಗಳಲ್ಲಿ ಗರ್ಭಿಣಿಯಾಗುವ ಮಹಿಳೆ ಅಪಾಯದಿಂದ ಪಾರಾದಂತೆ ಆಗುವುದಿಲ್ಲ. ಬದಲಿ ವಿಧಾನವೊಂದನ್ನು ನಿಶ್ಚಯಿಸಿಕೊಂಡ ಮೇಲೆಯೇ ನಿಲ್ಲಿಸಬೇಕು.

ಮಾತ್ರೆ ಎಲ್ಲರಿಗೂ ಒಗ್ಗುವುದಿಲ್ಲ ಎಂಬುದು ಬೇರೆ ಮಾತು, ಅದಕ್ಕೆ ಕ್ಯಾನ್ಸರ್ ಕಾರಣವಲ್ಲ. ಆರು ತಿಂಗಳೊಳಗಿನ ಮಗುವಿಗೆ ಹಾಲೂಡುತ್ತಿರುವವರು, ಅಧಿಕ ರಕ್ತದೊತ್ತಡ ಇರುವವರು, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ ಅಥವಾ ಯಕೃತ್ತಿನ ತೊಂದರೆಯುಳ್ಳವರು, 35 ವರ್ಷ ದಾಟಿದ ಧೂಮಪಾನಿಗಳು ವೈದ್ಯರ ಸಲಹೆಯಿಲ್ಲದೆ ಇದನ್ನು ಆರಂಭಿಸಬಾರದು. ಔಷಧಿ ಅಂಗಡಿಯಿಂದ ನೇರವಾಗಿ ತಂದು ವರ್ಷಗಟ್ಟಲೆ ನುಂಗುತ್ತಿರುವವರು ಒಮ್ಮೆಯಾದರೂ ರಕ್ತದೊತ್ತಡ ಪರೀಕ್ಷಿಸಿಕೊಳ್ಳಲಿ.

ಉಳಿದ ವಿಧಾನಗಳು

ಮೂರು ತಿಂಗಳಿಗೊಮ್ಮೆ ನೀಡುವ 'ಅಂತರ' ಚುಚ್ಚುಮದ್ದಿನಲ್ಲಿ ಪ್ರೊಜೆಸ್ಟೊಜೆನ್ ಒಂದೇ ಇದೆ. ಇದರ ದೀರ್ಘ ಬಳಕೆಯ ಬಗ್ಗೆ ಇರುವ ಮಾಹಿತಿ ಮಾತ್ರೆಯಷ್ಟು ವಿಪುಲವಲ್ಲ, ಕಂಡುಬಂದಿರುವ ಅಪಾಯದ ಹೆಚ್ಚಳವೂ ಅಲ್ಪ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಈಗ 'ಛಾಯಾ' ಹೆಸರಿನಲ್ಲಿ ದೊರೆಯುವ ಮಾತ್ರೆಯಲ್ಲಿ ಈ ಹಾರ್ಮೋನುಗಳಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ಎಂಬ ಕ್ರಮವನ್ನು ತಪ್ಪದೆ ಪಾಲಿಸಬೇಕು.

ವಂಕಿಯ ಬಗ್ಗೆ, ಅಂದರೆ ಕಾಪರ್-ಟಿ ಬಗ್ಗೆ, ನಮ್ಮ ಊರುಗಳಲ್ಲಿ ಇರುವ ಭಯ ಮಾತ್ರೆಯ ಭಯಕ್ಕಿಂತ ದೊಡ್ಡದು. ಒಳಗೆ ತಾಮ್ರದ ತಂತಿ ಇದ್ದರೆ ಹುಣ್ಣಾಗಿ ಕ್ಯಾನ್ಸರ್ ಆಗದೆ ಇರುತ್ತದೆಯೇ ಎಂಬ ತರ್ಕ ಮೇಲುನೋಟಕ್ಕೆ ಸರಿಯೆನಿಸುತ್ತದೆ. ಸಂಶೋಧನೆಗಳು ಕಂಡದ್ದು ಇದಕ್ಕೆ ತೀರ ವಿರುದ್ಧವಾದುದನ್ನು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ವಂಕಿ ಬಳಸಿದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ ಇತ್ತು. ವಂಕಿಯು ಸೋಂಕು ತಗುಲುವುದನ್ನು ತಡೆಯುವುದಿಲ್ಲ. ಆ ಜಾಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯನ್ನು ಅದು ಎಚ್ಚರಿಸುವುದರಿಂದ ಹೀಗಾಗುತ್ತಿರಬಹುದೆಂಬ ಊಹೆ ಇದೆ. 380-ಎ ಮಾದರಿಯ ವಂಕಿ ಹತ್ತು ವರ್ಷ, 375 ಮಾದರಿಯದು ಐದು ವರ್ಷ ಕೆಲಸ ಮಾಡುತ್ತದೆ. ಹಾಕಿಸಿದ ದಿನಾಂಕ ಬರೆದ ಚೀಟಿಯನ್ನು ಪಹಣಿ ಪತ್ರದಷ್ಟೇ ಜೋಪಾನವಾಗಿ ಇಡಬೇಕು. ಅವಧಿ ಮುಗಿದದ್ದು ತಿಳಿಯದೆ ಹಾಗೆಯೇ ಉಳಿಸಿಕೊಂಡವರು ಬಹಳ ಮಂದಿ.

ಕಾಂಡೋಮ್ ಚರ್ಮದ ಎಲ್ಲ ಭಾಗವನ್ನೂ ಮುಚ್ಚದ ಕಾರಣ ಎಚ್‌ಪಿವಿ ವಿರುದ್ಧ ಭಾಗಶಃ ರಕ್ಷಣೆಯನ್ನಷ್ಟೇ ಕೊಡುತ್ತದೆ. ಆದರೂ ಅದು ನಿರರ್ಥಕವಲ್ಲ.

ಇನ್ನು ನಮ್ಮ ರಾಜ್ಯದ ನಿಜವಾದ ಚಿತ್ರ ಬೇರೆಯೇ ಇದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಬಹುತೇಕರಿಗೆ ಅದು ಇಪ್ಪತ್ತರ ಹರೆಯದಲ್ಲೇ ಆಗಿಹೋಗಿರುತ್ತದೆ. ಈ ಶಸ್ತ್ರಚಿಕಿತ್ಸೆಯು ಅಂಡನಾಳಗಳನ್ನು ಕಟ್ಟುತ್ತದೆಯೇ ಹೊರತು ಗರ್ಭಕಂಠವನ್ನು ಮುಟ್ಟುವುದಿಲ್ಲ. ಆದ್ದರಿಂದ ಅದು ಈ ಕ್ಯಾನ್ಸರನ್ನು ತರುವುದೂ ಇಲ್ಲ, ತಡೆಯುವುದೂ ಇಲ್ಲ. ಅಪಾಯವಿರುವುದು ಅದರ ನಂತರದ ಮೌನದಲ್ಲಿ. ಮಾತ್ರೆ ತೆಗೆದುಕೊಳ್ಳುವವಳು ಆಶಾ ಕಾರ್ಯಕರ್ತೆಯನ್ನು ಆಗಾಗ ಕಾಣುತ್ತಾಳೆ, ವಂಕಿ ಹಾಕಿಸಿಕೊಂಡವಳು ತೋರಿಸಿಕೊಳ್ಳಲು ಹೋಗುತ್ತಾಳೆ. "ಆಪರೇಷನ್ ಆಗಿದೆ" ಎಂದವಳು ಇಪ್ಪತ್ತೈದಕ್ಕೇ ಆಸ್ಪತ್ರೆಯ ಸಂಬಂಧ ಕಡಿದುಕೊಂಡು, ಐವತ್ತರಲ್ಲಿ ರಕ್ತಸ್ರಾವದೊಂದಿಗೆ ಮರಳುತ್ತಾಳೆ. ನನ್ನ ದೃಷ್ಟಿಯಲ್ಲಿ ಕರ್ನಾಟಕದ ವಿಸ್ತರಣಾ ಕಾರ್ಯಕರ್ತರು ಹುಡುಕಿ ಮಾತನಾಡಿಸಬೇಕಾದವರು ಮಾತ್ರೆ ನುಂಗುವವರಿಗಿಂತ ಮೊದಲು ಇವರನ್ನೇ.

ರಕ್ತಸ್ರಾವಕ್ಕೆ ತಪ್ಪು ಕಾರಣ

ದೀರ್ಘಕಾಲದ ಗರ್ಭನಿರೋಧಕ ಬಳಕೆಗೂ ಕ್ಯಾನ್ಸರ್ ಸಾವಿಗೂ ಇರುವ ಒಂದು ಸಂಬಂಧವನ್ನು ಯಾವ ಅಂಕಿಸಂಖ್ಯೆಯೂ ಹೇಳುವುದಿಲ್ಲ. ವಂಕಿ ಹಾಕಿಸಿದ ಮೊದಲ ತಿಂಗಳುಗಳಲ್ಲಿ ಮುಟ್ಟು ಹೆಚ್ಚಾಗುವುದು, 'ಅಂತರ' ತೆಗೆದುಕೊಂಡವರಲ್ಲಿ ಮುಟ್ಟು ಏರುಪೇರಾಗುವುದು, ಮಾತ್ರೆ ಮರೆತಾಗ ನಡುವೆ ರಕ್ತ ಕಾಣುವುದು ಸಾಮಾನ್ಯ. ಹೀಗಾಗಿ ವರ್ಷಗಳ ನಂತರ ಬೇರೆ ಕಾರಣದಿಂದ ರಕ್ತಸ್ರಾವವಾದಾಗಲೂ "ವಂಕಿಯ ಉಷ್ಣ", "ಮಾತ್ರೆಯ ಕಾವು" ಎಂದು ಮನೆಯವರೇ ತೀರ್ಮಾನಿಸಿ, ಕೊತ್ತಂಬರಿ ಬೀಜದ ಕಷಾಯ ಕುಡಿಸಿ ಆರು ತಿಂಗಳು ಕಳೆಯುತ್ತಾರೆ. ಆ ಆರು ತಿಂಗಳು ಬಹಳ ಬೆಲೆಯುಳ್ಳವು.

ದಾಂಪತ್ಯ ಸಂಪರ್ಕದ ನಂತರ ರಕ್ತ ಕಾಣಿಸಿಕೊಂಡರೆ ಯಾವ ಗರ್ಭನಿರೋಧಕವನ್ನೂ ದೂರದೆ ಅದೇ ವಾರ ಪರೀಕ್ಷೆ ಮಾಡಿಸಬೇಕು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು "ಮತ್ತೆ ಮುಟ್ಟಾದೆ" ಎಂದು ಭಾವಿಸಬಾರದು. ಎರಡು ಮುಟ್ಟಿನ ನಡುವೆ ಮತ್ತೆ ಮತ್ತೆ ರಕ್ತ, ದುರ್ವಾಸನೆಯುಳ್ಳ ನೀರಿನಂತಹ ಅಥವಾ ರಕ್ತ ಬೆರೆತ ಬಿಳಿಸೆರಗು, ಕಿಬ್ಬೊಟ್ಟೆ ಮತ್ತು ಸೊಂಟದ ಬಿಡದ ನೋವು ಇವೂ ಎಚ್ಚರಿಕೆಯ ಗುರುತುಗಳು. ಸೊಂಟನೋವೆಂಬುದು ನಾಟಿ ಮಾಡುವ, ಕಳೆ ಕೀಳುವ ಹೆಂಗಸರಿಗೆ ನಿತ್ಯದ ಸಂಗಾತಿಯಾದ್ದರಿಂದ ಅದೊಂದನ್ನೇ ನೋಡಿ ಗಾಬರಿಯಾಗುವುದು ಬೇಡ. ರಕ್ತಸ್ರಾವ ಅಥವಾ ದುರ್ವಾಸನೆಯ ಸ್ರಾವ ಜೊತೆಗಿದ್ದರೆ ಮಾತ್ರ ತಡಮಾಡಬಾರದು. ಇವುಗಳಿಗೆಲ್ಲ ಬೇರೆ ಸಾಮಾನ್ಯ ಕಾರಣಗಳೂ ಇರುತ್ತವೆ, ಬಹುತೇಕರಲ್ಲಿ ಅವೇ ಇರುತ್ತವೆ. ಯಾವುದೆಂದು ತಿಳಿಯುವುದು ಪರೀಕ್ಷೆಯಿಂದ, ಊಹೆಯಿಂದಲ್ಲ.

ತಪಾಸಣೆ

ಲಕ್ಷಣ ಕಾಣುವ ಮೊದಲೇ, ಕ್ಯಾನ್ಸರ್‌ಪೂರ್ವ ಹಂತದಲ್ಲಿಯೇ ಹಿಡಿಯುವುದು ತಪಾಸಣೆಯ ಉದ್ದೇಶ. ಹೊಲಕ್ಕೆ ವಾರಕ್ಕೊಮ್ಮೆ ಹೋಗಿ ಎಲೆ ತಿರುಗಿಸಿ ಮೊಟ್ಟೆ ಹುಡುಕುವ ರೈತನಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಆದರೆ ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ. 1.9 ಮಾತ್ರ.

ಸರ್ಕಾರಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮಾಡುವುದು ವಿಐಎ ಎಂಬ ಸರಳ ಪರೀಕ್ಷೆ. ತೆಳುವಾದ ಅಸಿಟಿಕ್ ಆಮ್ಲವನ್ನು, ಅಂದರೆ ಅಡುಗೆಯ ವಿನಿಗರ್‌ನಂತಹ ದ್ರವವನ್ನು, ಹತ್ತಿಯಿಂದ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾದು ನೋಡುತ್ತಾರೆ. ಅಸಹಜ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಫಲಿತಾಂಶ ಆಗಲೇ ಸಿಗುತ್ತದೆ, ಕತ್ತರಿಯಿಲ್ಲ, ಸೂಜಿಯಿಲ್ಲ. ನಮ್ಮ ದೇಶದ ಮಾರ್ಗಸೂಚಿಯಂತೆ 30 ವರ್ಷ ದಾಟಿದವರು ಐದು ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು. ಮುಟ್ಟು ನಿಂತವರಲ್ಲಿ ಮೊದಲು ಹೇಳಿದ ಪಟ್ಟಿ ಒಳಕ್ಕೆ ಸರಿದುಹೋಗುವುದರಿಂದ ಅವರಿಗೆ ಪ್ಯಾಪ್ ಪರೀಕ್ಷೆ ಅಥವಾ ಎಚ್‌ಪಿವಿ ಪರೀಕ್ಷೆ ಹೆಚ್ಚು ಸೂಕ್ತ. ವಂಕಿ ಒಳಗಿದ್ದರೂ ತಪಾಸಣೆಗೆ ಅಡ್ಡಿಯಿಲ್ಲ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಬೇಕು ಅಷ್ಟೇ.

ಇದರ ಪ್ರಯೋಜನ ಸಾಬೀತಾದದ್ದು ದೂರದ ದೇಶದಲ್ಲಲ್ಲ. ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1,31,746 ಮಹಿಳೆಯರನ್ನು ಒಳಗೊಂಡ ಪ್ರಯೋಗದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆಗೆ ಒಳಪಡಿಸಿದ ಹಳ್ಳಿಗಳಲ್ಲಿ ಮುಂದಿನ ಎಂಟು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34, ತಪಾಸಣೆಯಿಲ್ಲದ ಹಳ್ಳಿಗಳಲ್ಲಿ 64. ಅದೇ ಪ್ರಯೋಗದಲ್ಲಿ ಒಂದೇ ಬಾರಿ ಮಾಡಿದ ವಿಐಎಯಿಂದ ಗಮನಾರ್ಹ ಲಾಭ ಕಾಣಲಿಲ್ಲ. ಆದರೆ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು, ವೈದ್ಯರಲ್ಲದ ತರಬೇತಾದ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ನಾಲ್ಕು ಸುತ್ತು ವಿಐಎ ಮಾಡಿಸಿದಾಗ ಸಾವು ಶೇ. 31ರಷ್ಟು ಇಳಿಯಿತು. ಎರಡನ್ನೂ ಒಟ್ಟಿಗೆ ಓದಿದರೆ ತಿಳಿಯುವುದು ಇದು: ವಿನಿಗರ್ ಪರೀಕ್ಷೆಯನ್ನು ಒಮ್ಮೆ ಮಾಡಿಸಿ ಮರೆಯುವಂತಿಲ್ಲ, ಸರದಿ ತಪ್ಪದೆ ಮಾಡಿಸಬೇಕು.

ಬಿಳಿ ಮಚ್ಚೆ ಕಂಡಿತೆಂದರೆ ಕ್ಯಾನ್ಸರ್ ಎಂದರ್ಥವಲ್ಲ. ಮುಂದಿನ ಪರೀಕ್ಷೆ ಬೇಕೆಂದು ಅರ್ಥ. ಕ್ಯಾನ್ಸರ್‌ಪೂರ್ವ ಬದಲಾವಣೆಯೇ ಆಗಿದ್ದರೂ ಶಾಖ ಕೊಟ್ಟು ಅಥವಾ ಅತಿಶೀತದಿಂದ ಆ ಪದರವನ್ನು ನಾಶಮಾಡುವ ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಗರ್ಭಕೋಶವೂ ಉಳಿಯುತ್ತದೆ.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಬಿಳಿಸೆರಗು, ಹೊಟ್ಟೆನೋವು ಎಂದು ಹೋದ ಮೂವತ್ತರ ಹೆಂಗಸಿಗೆ "ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿ ಗರ್ಭಕೋಶವನ್ನೇ ತೆಗೆದುಹಾಕುವ ಪರಿಪಾಠ ಕೆಲವೆಡೆ ಇದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಟಾವು ಮಾಡುವ ಮಹಿಳೆಯರಲ್ಲಿ ಹೀಗೆ ಗರ್ಭಕೋಶ ತೆಗೆಸಿಕೊಂಡವರ ಸಂಖ್ಯೆ ವಿಪರೀತವಾಗಿರುವುದು 2019ರಲ್ಲಿ ಬೆಳಕಿಗೆ ಬಂದು, ಅಲ್ಲಿನ ಸರ್ಕಾರ ಸಮಿತಿ ನೇಮಿಸಬೇಕಾಯಿತು. ಆ ಜಿಲ್ಲೆಯ ಕಟಾವು ತಂಡಗಳು ನಮ್ಮ ಕಬ್ಬಿನ ಸೀಮೆಗೂ ಬರುತ್ತವೆ. ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಹೋಗುತ್ತದೆಂಬ ಲೆಕ್ಕಾಚಾರವೂ ಅದರ ಹಿಂದೆ ಇತ್ತು. ಚಿಕ್ಕ ವಯಸ್ಸಿನಲ್ಲಿ ಅಂಡಾಶಯಗಳ ಸಮೇತ ಗರ್ಭಕೋಶ ತೆಗೆದರೆ ಮೂಳೆ ಸವೆತವೂ ಹೃದಯದ ತೊಂದರೆಯೂ ಬೇಗ ಬರುತ್ತವೆ. ತಪಾಸಣೆಯ ವರದಿಯಿಲ್ಲದೆ ಯಾರಾದರೂ ಗರ್ಭಕೋಶ ತೆಗೆಸಿ ಎಂದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯದೆ ಒಪ್ಪಬೇಡಿ, ಸಾಲ ಮಾಡಬೇಡಿ.

ಗಂಡನ ಪಾಲು

ಈ ಲೇಖನವನ್ನು ದಂಪತಿಗಳಿಗಾಗಿ ಎಂದು ಕರೆದಿದ್ದೇನೆ, ಏಕೆಂದರೆ ರೋಗ ಹೆಂಡತಿಗೆ ಬಂದರೂ ವೈರಸ್ ಇಬ್ಬರ ನಡುವೆ ಓಡಾಡುವಂತಹುದು. ಹಾಗೆಂದು ಎಚ್‌ಪಿವಿ ಪರೀಕ್ಷೆಯಲ್ಲಿ ಸೋಂಕು ಕಂಡರೆ ಅದು ಯಾರೊಬ್ಬರ ನಡತೆಗೂ ಸಾಕ್ಷಿಯಲ್ಲ. ಹತ್ತು ಹದಿನೈದು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ ತಗುಲಿದ್ದೂ ಆಗಿರಬಹುದು. ಯಾರಿಂದ ಯಾರಿಗೆ ಬಂತೆಂದು ಹೇಳಬಲ್ಲ ಪರೀಕ್ಷೆ ಯಾವುದೂ ಇಲ್ಲ. ವರದಿ ಹಿಡಿದು ಬಂದ ಹೆಂಡತಿಯನ್ನು ಅನುಮಾನದಿಂದ ನೋಡುವ ಗಂಡ ಅವಳ ಚಿಕಿತ್ಸೆಯನ್ನು ತಾನೇ ನಿಲ್ಲಿಸಿದಂತೆ.

ಬೀಡಿ, ಸಿಗರೇಟು ಈ ಕ್ಯಾನ್ಸರಿಗೂ ಪೂರಕ. ಮನೆಯೊಳಗೆ ಸೇದುವುದನ್ನು ಬಿಡುವುದು ಗಂಡ ಇಂದೇ ಮಾಡಬಹುದಾದ ಕೆಲಸ. ಇನ್ನು ಗರ್ಭನಿರೋಧಕದ ಹೊರೆ ಯಾರದೆಂಬ ಪ್ರಶ್ನೆ. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದ ಮಹಿಳೆಯರು ಶೇ. 37.9, ಪುರುಷರು ಶೇ. 0.3. ಗಾಯವಿಲ್ಲದ, ಹೊಲಿಗೆಯಿಲ್ಲದ ಪುರುಷರ ಶಸ್ತ್ರಚಿಕಿತ್ಸೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅದೇ ದಿನ ಮನೆಗೆ ಮರಳಬಹುದು. "ನೇಗಿಲು ಹಿಡಿಯುವ ಶಕ್ತಿ ಹೋಗುತ್ತದೆ" ಎಂಬುದು ಬರಿಯ ಭಯ. ವೀರ್ಯಾಣು ಸಾಗುವ ನಾಳವನ್ನಷ್ಟೇ ಕಟ್ಟುವುದರಿಂದ ಪುರುಷ ಹಾರ್ಮೋನಿಗಾಗಲಿ ತೋಳಿನ ಬಲಕ್ಕಾಗಲಿ ಅದು ಸಂಬಂಧಿಸಿದ್ದಲ್ಲ. ಮೂರು ತಿಂಗಳವರೆಗೆ ಬೇರೆ ವಿಧಾನವನ್ನೂ ಬಳಸಬೇಕೆಂಬುದನ್ನು ಮರೆಯಬಾರದು. ಹೆಂಡತಿಗೆ ಹತ್ತು ವರ್ಷ ಹಾರ್ಮೋನು ನುಂಗಿಸುವ ಬದಲು ಕುಟುಂಬ ಪೂರ್ಣಗೊಂಡ ಗಂಡ ಇದನ್ನು ಯೋಚಿಸಬಾರದೇಕೆ?

ಮಗಳಿಗೆ ಲಸಿಕೆ

ಎಚ್‌ಪಿವಿ ಲಸಿಕೆಯು ಬೀಜೋಪಚಾರದಂತೆ, ಬಿತ್ತನೆಯ ಮೊದಲು ಕೊಟ್ಟರೆ ಪೂರ್ಣ ಫಲ. 9ರಿಂದ 14 ವರ್ಷದ ವಯಸ್ಸು ಸೂಕ್ತ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿರುವ 'ಸರ್ವಾವ್ಯಾಕ್' ಎಂಬ ದೇಶೀಯ ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ. ಈ ವಯಸ್ಸಿನವರಿಗೆ ಒಂದು ಅಥವಾ ಎರಡು ವರಸೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ತಿಳಿಸಿತು. ಲಸಿಕೆಯಿಂದ ಮಕ್ಕಳಾಗುವುದಿಲ್ಲವೆಂಬ ವದಂತಿಗೆ ಆಧಾರವಿಲ್ಲ. ಈಗಾಗಲೇ ಇರುವ ಸೋಂಕನ್ನು ಅದು ಗುಣಪಡಿಸದು, ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ಬೇಕು. ನಿಮ್ಮ ಊರಿನಲ್ಲಿ ಲಭ್ಯತೆ ಹೇಗಿದೆಯೆಂದು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ವಿಸ್ತರಣಾ ಕಾರ್ಯಕರ್ತರಿಗೆ

ಈ ವಿಷಯವನ್ನು ಕ್ಷೇತ್ರೋತ್ಸವದ ವೇದಿಕೆಯ ಮೇಲೆ ಧ್ವನಿವರ್ಧಕದಲ್ಲಿ ಹೇಳುವುದು ಬೇಡ. ಸ್ತ್ರೀಶಕ್ತಿ ಸಂಘದ ವಾರದ ಸಭೆ ತಕ್ಕ ಜಾಗ. ಆಶಾ ಕಾರ್ಯಕರ್ತೆ ಅಥವಾ ಸಮುದಾಯ ಆರೋಗ್ಯಾಧಿಕಾರಿಯನ್ನು ಜೊತೆಗೆ ಕರೆದೊಯ್ಯಿರಿ, ಔಷಧದ ಸಲಹೆ ಅವರಿಂದಲೇ ಬರಲಿ. ಪುರುಷರೊಡನೆ ಬೇರೆಯಾಗಿ, ಹಾಲಿನ ಡೇರಿಯ ಕಟ್ಟೆಯ ಬಳಿ ಮಾತನಾಡಬಹುದು. ಆಮೇಲೆ ಒಪ್ಪುವ ದಂಪತಿಗಳನ್ನು ಒಟ್ಟಿಗೆ ಕೂರಿಸಿ. "ಸಾವಿರಕ್ಕೆ ಒಬ್ಬರು" ಎಂಬುದನ್ನು ಬಾಯಲ್ಲಿ ಹೇಳಿದರೆ ಹಿಡಿಯುವುದಿಲ್ಲ. ಒಂದು ಮೊರದಲ್ಲಿ ಸಾವಿರ ಕಾಳು ಜೋಳ ಹರಡಿ ಏಳು ಕಡಲೆಕಾಳು ಹಾಕಿ, ಬಳಿಕ ಎಂಟನೆಯದನ್ನು ಸೇರಿಸಿ ತೋರಿಸಿದರೆ ಓದು ಬಾರದವರಿಗೂ ತಿಳಿಯುತ್ತದೆ. ಕೇಳಿದ್ದನ್ನು ಅವರ ಮಾತಿನಲ್ಲೇ ತಿರುಗಿ ಹೇಳಿಸಿ. "ಮಾತ್ರೆ ಬಿಡಬೇಕು ಅಂದರು" ಎಂಬ ಉತ್ತರ ಬಂದರೆ ಪಾಠ ಮೊದಲಿನಿಂದ ಶುರುವಾಗಬೇಕು.

ತಪಾಸಣಾ ಶಿಬಿರದ ದಿನವನ್ನು ಬೆಳೆ ಪಂಚಾಂಗ ನೋಡಿ ನಿಶ್ಚಯಿಸಿ. ಮುಂಗಾರು ಬಿತ್ತನೆ, ನಾಟಿ, ಕೊಯ್ಲಿನ ವಾರಗಳಲ್ಲಿ ಯಾರೂ ಬರುವುದಿಲ್ಲ. ಮಳೆಯಾಶ್ರಿತ ಪ್ರದೇಶಗಳಲ್ಲಿ ಸಂಕ್ರಾಂತಿ ಕಳೆದು ಯುಗಾದಿಗೆ ಮುನ್ನ ಸಿಗುವ ಬಿಡುವು ಅನುಕೂಲ. ಕಾಫಿ, ಕಬ್ಬಿನ ಸೀಮೆಗಳಲ್ಲಿ ಕೆಲಸಗಾರರ ಮೇಸ್ತ್ರಿಯನ್ನು ಕೇಳಿಯೇ ದಿನ ಗೊತ್ತುಮಾಡಬೇಕು. ತಪಾಸಣೆಯಲ್ಲಿ ಸಂಶಯ ಬಂದವರ ಹೆಸರನ್ನು ಊರಿಗೆಲ್ಲ ತಿಳಿಯದಂತೆ ಗುಟ್ಟಾಗಿಟ್ಟು, ತಿಂಗಳೊಳಗೆ ಅವರು ಮುಂದಿನ ಪರೀಕ್ಷೆಗೆ ಹೋದರೇ ಎಂದು ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿ. ದೊಡ್ಡ ಚಿಕಿತ್ಸೆ ಬೇಕಾದವರಿಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು. ಹೊರಡುವಾಗ ಪಡಿತರ ಚೀಟಿ, ಆಧಾರ್ ಕಾರ್ಡ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಹಿಂದಿನ ತಪಾಸಣೆಯ ವರದಿ ಮತ್ತು ವಂಕಿ ಹಾಕಿಸಿದ್ದರೆ ಅದರ ಚೀಟಿಯನ್ನು ಜೊತೆಗಿಟ್ಟುಕೊಳ್ಳಲು ತಿಳಿಸಿ.